66ರ ಮಸ್ಟಾಂಗ್‌ಗೆ ಹೊಸ ಪೆಟ್ರೋಲ್ ಟ್ಯಾಂಕ್: ಯಾವುದು ಹಾಕಬೇಕು, ಹೇಗೆ ಕೂರಿಸಬೇಕು?

ಪ್ರಶ್ನೆ: ನಮ್ಮೂರು ಮೈಸೂರು, ಈಗಿರುವುದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ. 1966ರ ಫೋರ್ಡ್ ಮಸ್ಟಾಂಗ್ ಕೂಪೆ ಕೊಂಡು ಬಿಡುವಿದ್ದಾಗ ನಾನೇ ಸರಿಮಾಡಿಕೊಳ್ಳುತ್ತಿದ್ದೇನೆ. 302 ಘನ ಇಂಚಿನ ಎಂಜಿನ್ ಕೂರಿಸಿ, ಕಾರ್ಬ್ಯುರೇಟರ್ ಬದಲು ಥ್ರಾಟಲ್ ಬಾಡಿ ಇಂಜೆಕ್ಷನ್ (ಪೆಟ್ರೋಲನ್ನು ಒತ್ತಡದಲ್ಲಿ ಸಿಂಪಡಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಹಾಕಿದ್ದಾಗಿದೆ. 350 ಹಾರ್ಸ್‌ಪವರ್ ಬರಬಹುದು. ಹಳೇ ಟ್ಯಾಂಕ್ ಒಳಗೆಲ್ಲ ತುಕ್ಕು. ಮೂರು ದಾರಿ ಕಾಣುತ್ತಿವೆ: ಮೂಲ ಅಳತೆಯ ಹೊಸ ಟ್ಯಾಂಕ್ ಹಾಕಿ ಪಂಪನ್ನು ಹೊರಗೆ ಕಟ್ಟುವುದು, ಪಂಪ್ ಒಳಗೇ ಇರುವ ಇಂಜೆಕ್ಷನ್ ಟ್ಯಾಂಕ್ ತರಿಸುವುದು, ಇಲ್ಲವೇ ಡಿಕ್ಕಿಯೊಳಗೆ ಅಲ್ಯೂಮಿನಿಯಂ ಫ್ಯೂಯಲ್ ಸೆಲ್, ಅಂದರೆ ರೇಸ್ ಕಾರುಗಳ ಬಗೆಯ ಟ್ಯಾಂಕ್, ಇಡುವುದು. ನೋಡಲು ಮೂರನೆಯದು ಚೆಂದ. ವಾರಾಂತ್ಯಕ್ಕೆ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗುವ ಕಾರು ಇದು. ಯಾವುದು ಸರಿ ಸರ್? ಊರಲ್ಲಿ ಅಣ್ಣನ ಹತ್ತಿರ ಹಳೇ ಕಾಂಟೆಸ್ಸಾ ಇದೆ, ಅದಕ್ಕೂ ಹೀಗೆ ಮಾಡಿಸಬಹುದೇ?

ಉತ್ತರ: ಎರಡನೆಯದನ್ನೇ ಹಾಕಿ. ಮೂಲ ಟ್ಯಾಂಕಿನ ಆಕಾರದಲ್ಲೇ ಇರುವ, ಒಳಗೆ ಪಂಪ್ ಮತ್ತು ತಡೆಗೋಡೆ ಇರುವ ಉಕ್ಕಿನ ಟ್ಯಾಂಕ್. ಅದರ ಜೊತೆಗೆ ಹಿಂದಿನ ಸೀಟಿಗೂ ಡಿಕ್ಕಿಗೂ ನಡುವೆ ಉಕ್ಕಿನ ತಗಡು ಹೊಡೆಸಿ. ನಿಮ್ಮ ಮೂರು ದಾರಿಗಳಲ್ಲಿ ಎಲ್ಲೂ ಈ ತಗಡಿನ ಮಾತಿಲ್ಲ. ಆದರೆ ಮಕ್ಕಳು ಹಿಂದೆ ಕೂರುತ್ತಾರೆ ಎಂದಿರಲ್ಲ, ಆ ಒಂದು ಮಾತಿಗೇ ಟ್ಯಾಂಕ್ ಆರಿಸುವ ಮೊದಲು ತಗಡಿನ ವಿಷಯ ಹೇಳಬೇಕಾಗಿದೆ.

ಡಿಕ್ಕಿಯ ರಬ್ಬರ್ ಮ್ಯಾಟ್ ಎತ್ತಿ ನೋಡಿ. ನಡುವೆ ಕಾಣುವ ನೆಲ ಕಾರಿನ ನೆಲವಲ್ಲ, ಅದು ಟ್ಯಾಂಕಿನ ನೆತ್ತಿ. ಆ ಕಾಲದ ಮಸ್ಟಾಂಗ್‌ಗಳಲ್ಲಿ ಡಿಕ್ಕಿಯ ನೆಲಕ್ಕೆ ದೊಡ್ಡ ಚೌಕ ಕೊಯ್ದು, ಅದರೊಳಗೆ ಟ್ಯಾಂಕನ್ನು ಇಳಿಬಿಟ್ಟು, ಸುತ್ತಲಿನ ಅಂಚಿಗೆ ಸ್ಕ್ರೂ ಹೊಡೆದಿದ್ದಾರೆ. ನೀವು ಸೂಟ್‌ಕೇಸ್ ಇಡುವುದು ನೇರ ಟ್ಯಾಂಕಿನ ಮೇಲೆ. ಪೆಟ್ರೋಲ್ ತುಂಬುವ ಬಾಯಿ ಹಿಂದಿನ ದೀಪಗಳ ನಡುವಿನ ತಗಡಿನಲ್ಲಿದೆ. ಅಲ್ಲಿಂದ ಒಳಬಂದ ಕೊಳವೆ ಡಿಕ್ಕಿಯೊಳಗೇ ಒಂದು ಗಿಡ್ಡ ರಬ್ಬರ್ ಹೋಸ್ ಮೂಲಕ ಟ್ಯಾಂಕಿಗೆ ಸೇರುತ್ತದೆ. ಇನ್ನು ಹಿಂದಿನ ಸೀಟಿನ ಬೆನ್ನು ಕಳಚಿ ನೋಡಿದರೆ ಅಲ್ಲಿ ಲೋಹದ ಗೋಡೆಯೇ ಇಲ್ಲ. ಇರುವುದು ರಟ್ಟಿನಂಥ ಹಲಗೆ, ಅದೂ ಎಷ್ಟೋ ಕಾರುಗಳಲ್ಲಿ ಮುರಿದು ಮಾಯವಾಗಿರುತ್ತದೆ. ಹಿಂದಿನಿಂದ ಜೋರಾಗಿ ಗುದ್ದಿದರೆ ಬಂಪರ್ ಒಳಬರುತ್ತದೆ, ಟ್ಯಾಂಕ್ ಮಡಚುತ್ತದೆ, ಕೊಳವೆ ಕಿತ್ತುಬರುತ್ತದೆ, ಪೆಟ್ರೋಲ್ ಡಿಕ್ಕಿಯೊಳಗೆ ಚೆಲ್ಲುತ್ತದೆ. ಅಲ್ಲಿಂದ ಮಕ್ಕಳ ಬೆನ್ನಿಗೆ ಅಡ್ಡಿಯೇ ಇಲ್ಲ.

ಹೆದರಿಸಲು ಹೇಳುತ್ತಿಲ್ಲ. ಆಗ ಅಮೆರಿಕದಲ್ಲಿ ಇದನ್ನು ತಡೆಯುವ ನಿಯಮವೇ ಇರಲಿಲ್ಲ. ಇಂಧನ ವ್ಯವಸ್ಥೆಯ ಸುರಕ್ಷತೆಯ ಕುರಿತ 301ನೇ ಫೆಡರಲ್ ಮಾನದಂಡ ಜಾರಿಗೆ ಬಂದದ್ದು 1968ರ ಜನವರಿ 1ರಂದು. ಅದು ಕೂಡ ಮುಂದಿನಿಂದ ಗೋಡೆಗೆ ಗುದ್ದುವ ಪರೀಕ್ಷೆ ಮಾತ್ರ. ಹಿಂದಿನಿಂದ ಗುದ್ದಿಸಿ ನೋಡುವ ಪರೀಕ್ಷೆ ಸೇರಿದ್ದು 1977ರ ಮಾದರಿಗಳಿಗೆ. ಅಂದರೆ ನಿಮ್ಮ ಕಾರು ಎರಡೂ ಪರೀಕ್ಷೆಗಿಂತ ಹಳೆಯದು. ಈಗ ಟ್ಯಾಂಕ್ ಹೇಗೂ ಹೊರಬರುತ್ತಿದೆ, ಡಿಕ್ಕಿ ಬರಿದಾಗುತ್ತಿದೆ. ತಗಡಿನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಮತ್ತೆ ಸಿಗುವುದಿಲ್ಲ.

ಸೀಟಿನ ಹಿಂದಕ್ಕೆ ಒಪ್ಪುವಂತೆ ಕತ್ತರಿಸಿದ ಉಕ್ಕಿನ ತಗಡುಗಳು ಈ ಮಾದರಿಗೆ ಸಿದ್ಧವಾಗಿಯೇ ಸಿಗುತ್ತವೆ. ಡ್ರ್ಯಾಗ್ ರೇಸಿನವರು ಡಿಕ್ಕಿಯಲ್ಲಿ ಟ್ಯಾಂಕ್ ಇಟ್ಟರೆ ಕನಿಷ್ಠ 0.024 ಇಂಚಿನ ಉಕ್ಕು ಅಥವಾ 0.032 ಇಂಚಿನ ಅಲ್ಯೂಮಿನಿಯಂ ಗೋಡೆ ಕೇಳುತ್ತಾರೆ. ನೀವು ಅದಕ್ಕಿಂತ ದಪ್ಪ, 18 ಗೇಜ್, ಅಂದರೆ ಒಂದೂಕಾಲು ಮಿಲಿಮೀಟರ್ ಆಸುಪಾಸಿನ ಉಕ್ಕು ಹಾಕಿಸಿ. ಅಂಚಿಗೆಲ್ಲ ಸೀಮ್ ಸೀಲರ್ ಬಳಿಯಿರಿ. ವೈರ್ ಹೋಗುವ ತೂತುಗಳಿಗೆ ಗ್ರೋಮೆಟ್ (ರಬ್ಬರ್ ಬಳೆ) ಬೇಕು. ಬಹಳ ಮಂದಿ ಮರೆಯುವ ಜಾಗ ಒಂದಿದೆ: ಹಿಂದಿನ ಗಾಜಿನ ಕೆಳಗಿನ ಪಾರ್ಸೆಲ್ ಟ್ರೇ. ಅಲ್ಲಿ ಸ್ಪೀಕರ್‌ಗೆಂದು ಯಾರೋ ಕೊಯ್ದ ದುಂಡು ತೂತುಗಳಿರುತ್ತವೆ. ಸೀಟಿನ ಹಿಂದೆ ಗೋಡೆ ಕಟ್ಟಿ ಆ ತೂತು ಬಿಟ್ಟರೆ ಆವಿಯೂ ಬೆಂಕಿಯೂ ಅಲ್ಲಿಂದಲೇ ಒಳಬರುತ್ತವೆ. ಅದನ್ನೂ ತಗಡಿನಿಂದ ಮುಚ್ಚಿ. ಟ್ಯಾಂಕಿನ ನೆತ್ತಿಯ ಮೇಲೆ ಹೊದಿಸುವ ದಪ್ಪ ತಗಡಿನ ಮುಚ್ಚಳವೂ ಸಿಗುತ್ತದೆ, ಡಿಕ್ಕಿಯಲ್ಲಿ ಜಾಕ್, ಟೂಲ್‌ಬಾಕ್ಸ್ ಇಡುವವರಾದರೆ ತಗೊಳ್ಳಿ. ಇಷ್ಟೆಲ್ಲ ಮಾಡಿದರೂ ಇದು ಇಂದಿನ ಕಾರಿನಷ್ಟು ಸುರಕ್ಷಿತವಾಗುವುದಿಲ್ಲ. ಚೆಲ್ಲಿದ ಪೆಟ್ರೋಲ್ ಒಳಬರುವ ಮೊದಲು ಮಕ್ಕಳನ್ನು ಇಳಿಸಿಕೊಳ್ಳಲು ಒಂದಿಷ್ಟು ಸಮಯ ಸಿಗುತ್ತದೆ. ಆ ಸಮಯಕ್ಕಾಗಿಯೇ ಈ ಖರ್ಚು. ಹಿಂದಿನ ಸೀಟಿಗೆ ಭುಜದ ಬೆಲ್ಟ್ ಹಾಕಿಸುವ ಯೋಚನೆಯಿದ್ದರೆ ಅದನ್ನೂ ಈಗಲೇ ಮುಗಿಸಿ, ಸೀಟು ಕಳಚಿದಾಗಲೇ ಅದರ ಕೆಲಸ ಸುಲಭ.

ಇನ್ನು ಫ್ಯೂಯಲ್ ಸೆಲ್. ಅದರ ಹುಟ್ಟಿಗೂ ನಿಮ್ಮ ಕಾರಿನ ಮಾದರಿಗೂ ಒಂದೇ ವಸಂತಕಾಲ. ಮಸ್ಟಾಂಗ್ ಮಾರುಕಟ್ಟೆಗೆ ಬಂದದ್ದು 1964ರ ಏಪ್ರಿಲ್ 17ರಂದು. ಮುಂದಿನ ತಿಂಗಳು, ಮೇ 24ರಂದು, ಷಾರ್ಲಟ್‌ನ ನಾಸ್ಕರ್ ಕಾರ್ ರೇಸಿನಲ್ಲಿ ಚಾಲಕ ಫೈರ್‌ಬಾಲ್ ರಾಬರ್ಟ್ಸ್ ಅವರ ಫೋರ್ಡ್ ಹೊತ್ತಿ ಉರಿಯಿತು. ಸುಟ್ಟಗಾಯಗಳಿಂದ ಅವರು ಜುಲೈನಲ್ಲಿ ತೀರಿಕೊಂಡರು. ಮೇ 30ರಂದು ಇಂಡಿಯಾನಾಪೊಲಿಸ್ 500 ರೇಸಿನ ಎರಡನೇ ಸುತ್ತಿನಲ್ಲೇ ಡೇವ್ ಮೆಕ್‌ಡೊನಾಲ್ಡ್ ಮತ್ತು ಎಡ್ಡಿ ಸ್ಯಾಕ್ಸ್ ಬೆಂಕಿಗೆ ಬಲಿಯಾದರು. ಗುದ್ದಿದರೂ ಹರಿಯದ ರಬ್ಬರ್ ಚೀಲ, ಅದರೊಳಗೆ ಸ್ಪಂಜಿನಂಥ ಫೋಮ್, ಹೊರಗೆ ಲೋಹದ ಪೆಟ್ಟಿಗೆ, ಇಂಥ ಟ್ಯಾಂಕ್ ರೇಸಿಗೆ ಕಡ್ಡಾಯವಾಗುತ್ತ ಬಂದದ್ದು ಆ ಸಾವುಗಳ ನಂತರ.

ನೀವು ಮೆಚ್ಚಿಕೊಂಡಿರುವ ಹೊಳೆಯುವ ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ ಆ ಚೀಲ ಇದೆಯೇ, ಮೊದಲು ಕೇಳಿ. ಕಡಿಮೆ ಬೆಲೆಗೆ ಫ್ಯೂಯಲ್ ಸೆಲ್ ಎಂದು ಮಾರುವ ಬಹುಪಾಲು ಪೆಟ್ಟಿಗೆಗಳಲ್ಲಿ ಚೀಲ ಇರುವುದಿಲ್ಲ. ತೆಳು ಅಲ್ಯೂಮಿನಿಯಂ, ಒಳಗೊಂದು ತುಂಡು ಫೋಮ್, ಅಷ್ಟೇ. ಗುದ್ದಿದಾಗ ಬೆಸುಗೆಯ ಗೆರೆಯಲ್ಲೇ ಬಾಯಿಬಿಡುತ್ತದೆ. ನಿಜವಾದ ಚೀಲ ಇರುವುದನ್ನೇ ಕೊಂಡರೂ ಅದಕ್ಕೆ ಆಯುಷ್ಯವಿದೆ. ಅಂತಾರಾಷ್ಟ್ರೀಯ ಮೋಟಾರ್ ರೇಸ್ ಸಂಸ್ಥೆ ಎಫ್‌ಐಎಯ ಎಫ್‌ಟಿ3 ದರ್ಜೆಯ ಚೀಲಕ್ಕೆ ಐದು ವರ್ಷ, ತಯಾರಕರೇ ಪರೀಕ್ಷಿಸಿ ಒಪ್ಪಿದರೆ ಇನ್ನೆರಡು ವರ್ಷ. ಒಳಗಿನ ಫೋಮ್ ಕೂಡ ವರ್ಷಗಳು ಕಳೆದಂತೆ, ಅದರಲ್ಲೂ ಎಥನಾಲ್ ಬೆರೆತ ಪೆಟ್ರೋಲಿನಲ್ಲಿ, ಪುಡಿಯಾಗಿ ಫಿಲ್ಟರಿಗೆ ಬಂದು ಕೂರುತ್ತದೆ. ರೇಸಿನವರು ಲೆಕ್ಕವಿಟ್ಟು ಬದಲಿಸುತ್ತಾರೆ. ಮನೆಮಂದಿಯ ಕಾರಿಗೆ ಈ ಉಪಚಾರ ಹತ್ತಿಪ್ಪತ್ತು ವರ್ಷ ತಪ್ಪದೆ ನಡೆಯುವುದು ಕಷ್ಟ. ಎಲ್ಲಕ್ಕಿಂತ ಮುಖ್ಯ, ಸೆಲ್ ಕೂರುವುದು ಡಿಕ್ಕಿಯ ಒಳಗೆ, ಮಕ್ಕಳಿರುವ ಜಾಗಕ್ಕೆ ಇನ್ನಷ್ಟು ಹತ್ತಿರ. ಬೇಡ.

ಮೊದಲನೇ ದಾರಿ, ಹಳೇ ಮಾದರಿಯ ಟ್ಯಾಂಕ್ ಮತ್ತು ಹೊರಗಿನ ಪಂಪ್, ಅಗ್ಗ ಹೌದು. ಕಾರ್ಬ್ಯುರೇಟರ್ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅದಕ್ಕೆ ಬೇಕಿದ್ದದ್ದು ಐದಾರು ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ, ಎಂಜಿನ್‌ಗೆ ಅಂಟಿಕೊಂಡ ಮೆಕ್ಯಾನಿಕಲ್ ಪಂಪೇ ಎಳೆದುಕೊಡುತ್ತಿತ್ತು. ಇಂಜೆಕ್ಷನ್‌ಗೆ 58 ಪಿಎಸ್‌ಐ ಆಸುಪಾಸು ಬೇಕು, ಒಂದು ಕ್ಷಣವೂ ತಪ್ಪದಂತೆ ಬೇಕು. ಎಲೆಕ್ಟ್ರಿಕ್ ಪಂಪ್‌ಗಳು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ದುರ್ಬಲ. ಹೊರಗೆ, ಟ್ಯಾಂಕಿಗಿಂತ ಎತ್ತರದಲ್ಲಿ ಕಟ್ಟಿದರೆ ಆಸ್ಟಿನ್‌ನ ಬೇಸಿಗೆಯಲ್ಲಿ ಎಳೆಯುವ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಪಂಪ್ ಗಾಳಿ ಕುಡಿಯುತ್ತದೆ. ಒಳಗಿದ್ದರೆ ಪಂಪ್ ಸದಾ ಪೆಟ್ರೋಲಿನಲ್ಲಿ ಮುಳುಗಿ ತಂಪಾಗಿರುತ್ತದೆ, ಸದ್ದೂ ಕಡಿಮೆ. ಜೊತೆಗೆ ಹಳೇ ಮಾದರಿಯ ಟ್ಯಾಂಕಿನಲ್ಲಿ ಪಂಪಿನ ಸುತ್ತ ಪೆಟ್ರೋಲ್ ಹಿಡಿದಿಡುವ ತೊಟ್ಟಿ ಇರುವುದಿಲ್ಲ. ಕಾಲು ಟ್ಯಾಂಕಿಗಿಂತ ಕಡಿಮೆ ಇದ್ದಾಗ ತಿರುವಿನಲ್ಲಿ ಪೆಟ್ರೋಲ್ ಎಲ್ಲ ಒಂದು ಮೂಲೆಗೆ ಓಡುತ್ತದೆ. ಕಾರ್ಬ್ಯುರೇಟರ್ ತನ್ನ ಬಟ್ಟಲಿನಲ್ಲಿದ್ದ ಪೆಟ್ರೋಲಿನಲ್ಲಿ ಆ ಹೊತ್ತು ದೂಡುತ್ತಿತ್ತು. ಇಂಜೆಕ್ಷನ್‌ಗೆ ಆ ಬಟ್ಟಲಿಲ್ಲ, ಹೈವೇ ಏರುವ ತಿರುವಿನಲ್ಲೇ ಎಂಜಿನ್ ತಟ್ಟನೆ ಬಿದ್ದುಹೋಗುತ್ತದೆ.

ಹಾಗಾಗಿ ಟ್ಯಾಂಕ್ ಕೊಳ್ಳುವಾಗ ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಹಾರ್ಸ್‌ಪವರ್ ಬಗ್ಗೆ ಅಲ್ಲ, ಒಳಗಿನ ತೊಟ್ಟಿಯ ಬಗ್ಗೆ. ಪಂಪಿನ ಸುತ್ತ ಗೋಡೆ ಇದೆಯೇ, ಎಂಜಿನ್ ಬಳಸದೆ ವಾಪಸ್ ಬರುವ ಪೆಟ್ರೋಲ್ ಆ ಗೋಡೆಯ ಒಳಗೇ ಬೀಳುತ್ತದೆಯೇ, ಪೆಟ್ರೋಲ್ ಮಟ್ಟ ಅಳೆಯುವ ಫ್ಲೋಟ್‌ನ ಕೈ ಗೋಡೆಗೆ ತಗಲುವುದಿಲ್ಲವೇ. ಸಾಧ್ಯವಾದರೆ ಒಳಗಿನ ಫೋಟೋ ತರಿಸಿಕೊಳ್ಳಿ. ಮೂಲ ಟ್ಯಾಂಕ್ 16 ಗ್ಯಾಲನ್, ಅಂದರೆ 60 ಲೀಟರ್ ಚಿಲ್ಲರೆ. ತುಂಬಿದರೆ ಪೆಟ್ರೋಲ್ ತೂಕವೇ 45 ಕೆಜಿ. ಇದಕ್ಕಿಂತ ದೊಡ್ಡದು ನಿಮಗೆ ಬೇಕಿಲ್ಲ. ಕೆಳಕ್ಕೆ ಜೋತುಬೀಳುವ ದೊಡ್ಡ ಟ್ಯಾಂಕ್ ರಸ್ತೆಯ ಉಬ್ಬಿಗೆ ತಗಲುತ್ತದೆ. ಸ್ಟೇನ್‌ಲೆಸ್ ಆದರೆ ತುಕ್ಕಿನ ಚಿಂತೆ ಇಲ್ಲ. ಲೇಪನವಿರುವ ಮಾಮೂಲಿ ಉಕ್ಕೂ ಸಾಕು, ಆದರೆ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವವರಾದರೆ ಸ್ಟೇನ್‌ಲೆಸ್‌ಗೆ ಕೊಟ್ಟ ಹೆಚ್ಚಿನ ದುಡ್ಡು ದಂಡವಲ್ಲ. ಅಲ್ಲಿನ ಪೆಟ್ರೋಲಿನಲ್ಲಿ ಶೇ 10 ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ನಿಂತ ಕಾರಿನ ಟ್ಯಾಂಕಿನ ತಳದಲ್ಲಿ ತುಕ್ಕು ಶುರುವಾಗುವುದು ಹೀಗೇ.

ಪಂಪಿನ ಲೆಕ್ಕವನ್ನು ನೀವೇ ಮಾಡಬಹುದು. ಇಂಥ ಎಂಜಿನ್ ಪೂರ್ತಿ ಒತ್ತಿದಾಗ ಒಂದು ಹಾರ್ಸ್‌ಪವರ್‌ಗೆ ಗಂಟೆಗೆ ಅರ್ಧ ಪೌಂಡ್ ಪೆಟ್ರೋಲ್ ಕುಡಿಯುತ್ತದೆ. 350ಕ್ಕೆ 175 ಪೌಂಡ್, ಅಂದರೆ ಗಂಟೆಗೆ 107 ಲೀಟರ್ ಹತ್ತಿರ. ಎಲ್ಲರೂ ಹಾಕುವ, ಗಂಟೆಗೆ 255 ಲೀಟರ್ ತಳ್ಳುವ ಪಂಪ್ ಇದಕ್ಕೆ ಬೇಕಾದಷ್ಟಾಯಿತು. ಇನ್ನೂ ದೊಡ್ಡದು ಹಾಕಿದರೆ ಎಂಜಿನ್ ಬಳಸದ ಪೆಟ್ರೋಲೆಲ್ಲ ಬಿಸಿ ಎಂಜಿನ್ ಹತ್ತಿರ ಹೋಗಿ ಮತ್ತೆ ಟ್ಯಾಂಕಿಗೆ ಮರಳುತ್ತ ಇಡೀ ಟ್ಯಾಂಕನ್ನು ಬಿಸಿ ಮಾಡುತ್ತದೆ. ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ನಿಂತ ಮೇಲೆ ಎಂಜಿನ್ ತಡವರಿಸತೊಡಗಿದರೆ ಬಹಳ ಸಲ ಕಾರಣ ಇದೇ.

ಇನ್ನು ಹಳೇ ಟ್ಯಾಂಕ್ ಇಳಿಸುವ ಕೆಲಸ. ಈ ಇಡೀ ಯೋಜನೆಯಲ್ಲಿ ಅತಿ ಅಪಾಯದ ಗಂಟೆ ಅದು. ಅಮೆರಿಕದ ಮನೆಗಳ ಗ್ಯಾರೇಜಿನಲ್ಲಿ ಗ್ಯಾಸ್ ವಾಟರ್ ಹೀಟರ್ ಇರುವುದು ಸಾಮಾನ್ಯ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ನೆಲದ ಮೇಲೆ ಹರಿದುಕೊಂಡು ಹೋಗಿ ಆ ಹೀಟರಿನ ಉರಿಗೆ ತಲುಪುತ್ತದೆ. ಗಾಳಿಯಲ್ಲಿ ಶೇ 1.4ರಷ್ಟು ಆವಿ ಸೇರಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಆದ್ದರಿಂದ ಕಾರನ್ನು ಹೊರಗೆ, ಗಾಳಿಯಾಡುವ ಕಡೆ ನಿಲ್ಲಿಸಿ. ಬ್ಯಾಟರಿ ಕಳಚಿ. ಬಲ್ಬಿನ ಲ್ಯಾಂಪ್ ಬೇಡ, ಬ್ಯಾಟರಿಯ ಎಲ್‌ಇಡಿ ಟಾರ್ಚ್ ಇರಲಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಪೆಟ್ರೋಲನ್ನು ಪೆಟ್ರೋಲ್ ಡಬ್ಬಿಗೇ ಇಳಿಸಿ, ಬಕೆಟ್ಟಿಗೆ ಬೇಡ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಏಕೆಂದರೆ ಅದರ ತುಂಬ ಹೊತ್ತಿಕೊಳ್ಳಲು ಹದವಾದ ಆವಿ ಇರುತ್ತದೆ. ಅದಕ್ಕೆ ಗ್ರೈಂಡರ್, ವೆಲ್ಡಿಂಗ್ ಮುಟ್ಟಿಸಲೇಬೇಡಿ. ತೊಳೆದಿದ್ದೇನೆ, ಒಣಗಿಸಿದ್ದೇನೆ ಎಂಬ ಧೈರ್ಯವೂ ಬೇಡ, ಮಡಿಕೆಗಳಲ್ಲಿ ಉಳಿದ ಒಂದೆರಡು ಚಮಚವೇ ಸಾಕು. ತಗಡಿನ ವೆಲ್ಡಿಂಗ್ ಕೆಲಸ ಇದ್ದರೆ ಹಳೇ ಟ್ಯಾಂಕ್ ಹೊರಹೋಗಿ, ಹೊಸದು ಬರುವ ಮೊದಲು ಮುಗಿಯಬೇಕು.

ಹೊಸ ಟ್ಯಾಂಕ್ ಬಂದ ಮೇಲೆ ಕೂರಿಸುವ ಮೊದಲು ಮೇಜಿನ ಮೇಲೆ ಎರಡು ಕೆಲಸ. ಪಂಪ್, ಫ್ಲೋಟ್ ಜೋಡಿಸಿ, ಎಲ್ಲ ಬಾಯಿ ಮುಚ್ಚಿ, 1 ಪಿಎಸ್‌ಐ ಮೀರದಂತೆ ಗಾಳಿ ಕೊಟ್ಟು ಸೋಪು ನೊರೆ ಹಚ್ಚಿ ನೋಡಿ. ಕಂಪ್ರೆಸರ್ ಇದೆಯೆಂದು ಹತ್ತು ಪಿಎಸ್‌ಐ ಬಿಡಬೇಡಿ. ಎರಡಡಿ ಉದ್ದ, ಎರಡಡಿ ಅಗಲದ ಮುಖ ಎಂದುಕೊಂಡರೂ 576 ಚದರ ಇಂಚು, ಒಂದೇ ಪಿಎಸ್‌ಐಗೆ ಅದರ ಮೇಲೆ 260 ಕೆಜಿ ಒತ್ತಡ. ಹತ್ತಾದರೆ ಟ್ಯಾಂಕ್ ಬಲೂನಿನಂತೆ ಉಬ್ಬಿ ಬೆಸುಗೆ ಬಿಡುತ್ತದೆ. ಎರಡನೇ ಕೆಲಸ, ಮಲ್ಟಿಮೀಟರ್ ಹಿಡಿದು ಫ್ಲೋಟ್‌ನ ಕೈಯನ್ನು ಮೇಲೆ ಕೆಳಗೆ ಆಡಿಸಿ. ನಿಮ್ಮ ಡ್ಯಾಶ್‌ಬೋರ್ಡಿನ ಮೂಲ ಫೋರ್ಡ್ ಪೆಟ್ರೋಲ್ ಗೇಜ್‌ಗೆ ಖಾಲಿಯಲ್ಲಿ 73 ಓಮ್, ತುಂಬಿದಾಗ 10 ಓಮ್ ಹತ್ತಿರ ಬರಬೇಕು. ಜನರಲ್ ಮೋಟರ್ಸ್ ಕಾರಿಗೆ ಹೊಂದುವ 0ಯಿಂದ 90 ಓಮ್‌ನ ಸೆಂಡಿಂಗ್ ಯೂನಿಟ್ (ಫ್ಲೋಟ್‌ನ ಮಟ್ಟವನ್ನು ಗೇಜ್‌ಗೆ ತಿಳಿಸುವ ಭಾಗ) ಹಾಕಿ ಕಳಿಸಿದ್ದರೆ ಮುಳ್ಳು ತಲೆಕೆಳಗಾಗಿ ಓಡುತ್ತದೆ, ತುಂಬಿಸಿದ ದಿನ ಖಾಲಿ ಎನ್ನುತ್ತದೆ. ಇನ್ನೊಂದು ಮಾತು, ಆ ಗೇಜ್ ನಡೆಯುವುದು 12 ವೋಲ್ಟ್‌ನಲ್ಲಲ್ಲ, ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೆಗ್ಯುಲೇಟರ್ ಕೊಡುವ ಸರಾಸರಿ 5 ವೋಲ್ಟ್‌ನಲ್ಲಿ. ಪರೀಕ್ಷೆಗೆಂದು ನೇರ ಬ್ಯಾಟರಿ ಕೊಟ್ಟರೆ ಗೇಜ್ ಸುಟ್ಟುಹೋಗುತ್ತದೆ.

ಈಗ ಹೋಸ್. ಬಹುತೇಕರು ಎಡವುವುದು ಇಲ್ಲೇ. ನನ್ನ ಬಳಿ ಬಂದ ಒಂದು ಕಾರಿನಲ್ಲಿ ಪಂಪ್ ಸರಿಯಾಗಿ ಗುಂಯ್‌ಗುಡುತ್ತಿತ್ತು, ಒತ್ತಡ ಮಾತ್ರ ಬೇಕಾದ್ದರ ಅರ್ಧವೂ ಬರುತ್ತಿರಲಿಲ್ಲ. ಪಂಪ್ ಹೋಗಿದೆ ಎಂದು ಮಾಲೀಕರು ಹೊಸದು ಹಾಕಿಸಿಯೂ ಆಗಿತ್ತು. ಟ್ಯಾಂಕಿನಿಂದ ಪಂಪ್ ಎತ್ತಿ ನೋಡಿದರೆ ಪಂಪಿಗೂ ಮೇಲಿನ ಕೊಳವೆಗೂ ನಡುವಿನ ಮೂರಿಂಚಿನ ರಬ್ಬರ್ ಹೋಸ್ ಊದಿ, ಮೆತ್ತಗಾಗಿ, ಉದ್ದಕ್ಕೆ ಸೀಳಿತ್ತು. ಉಗುರಿನಿಂದ ಕೆರೆದರೆ ಕಪ್ಪು ಮುದ್ದೆ ಕೈಗೆ ಬರುತ್ತಿತ್ತು. ಹೋಸ್ ಮೇಲೆ ಇಂಜೆಕ್ಷನ್ ಹೋಸ್ ಎಂದೇ ಅಚ್ಚಾಗಿತ್ತು, ಸುಳ್ಳೂ ಅಲ್ಲ. ಅದು ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇಯ ಜೆ30ಆರ್9 ದರ್ಜೆಯದು, ಒಳಗೆ ಪೆಟ್ರೋಲ್ ಹರಿಯಲು ಮಾಡಿದ್ದು. ಹೊರಮೈಯೂ ಪೆಟ್ರೋಲಿನಲ್ಲಿ ಮುಳುಗಿರುವ ಜಾಗಕ್ಕೆ ಬೇಕಾದದ್ದು ಜೆ30ಆರ್10. ಗಜದ ಲೆಕ್ಕದಲ್ಲಿ ದುಬಾರಿ, ನಿಮಗೆ ಬೇಕಾದದ್ದು ಗೇಣುದ್ದ. ಪಂಪ್ ಜೊತೆ ಬಂದ ಹೋಸ್ ಮೇಲೆ ಆರ್10 ಎಂಬ ಅಚ್ಚು ಕಾಣದಿದ್ದರೆ ಕಿತ್ತು ಬೇರೆ ಹಾಕಿ.

ಟ್ಯಾಂಕಿನ ಹೊರಗೆ, ಕಾರಿನ ಉದ್ದಕ್ಕೂ, ಉಕ್ಕಿನ ಪೈಪ್ ಎಳೆಯಿರಿ. ಮೂಲದ್ದು 5/16 ಇಂಚು, ಹೊಸದಕ್ಕೆ 3/8 ಇಂಚು ಹೋಗುವುದಕ್ಕೆ, ವಾಪಸಿಗೆ 5/16 ಸಾಕು. ಅಲುಗಾಡುವ ಎರಡು ತುದಿಗಳಲ್ಲಿ ಮಾತ್ರ ಹೋಸ್ ಇರಲಿ, ಅದೂ ಪಿಟಿಎಫ್‌ಇ (ಟೆಫ್ಲಾನ್) ಒಳಪದರದ್ದು. ಬರೀ ರಬ್ಬರ್ ಒಳಗಿರುವ ಹೆಣೆದ ಹೋಸ್ ಸೋರದಿದ್ದರೂ ಆವಿಯನ್ನು ತನ್ನ ಮೈಯಿಂದಲೇ ಹೊರಬಿಡುತ್ತದೆ, ಎಲ್ಲ ಬಿಗಿಯಾಗಿದ್ದರೂ ಗ್ಯಾರೇಜಿನಲ್ಲಿ ವಾಸನೆ ಹೋಗುವುದಿಲ್ಲ. ಪಿಟಿಎಫ್‌ಇ ಕೊಳ್ಳುವಾಗ ಒಳಪದರ ಕಪ್ಪಗಿರುವುದನ್ನೇ ಆರಿಸಿ. ಅದರಲ್ಲಿ ಕಾರ್ಬನ್ ಇರುತ್ತದೆ, ಪೆಟ್ರೋಲ್ ವೇಗವಾಗಿ ಹರಿದಾಗ ಹುಟ್ಟುವ ಸ್ಥಾಯಿ ವಿದ್ಯುತ್ತನ್ನು ಅದು ಲೋಹಕ್ಕೆ ದಾಟಿಸುತ್ತದೆ. ಬಿಳಿಯದು ಹಾಗೆ ಮಾಡುವುದಿಲ್ಲ, ಕಿಡಿ ಹಾರಿ ಸೂಜಿಮೊನೆಯಷ್ಟು ತೂತಾಗಬಹುದು. ಫಿಟ್ಟಿಂಗ್ ವಿಷಯದಲ್ಲಿ ಒಂದು ಎಚ್ಚರ: ಹೋಸ್ ಜೋಡಿಸುವ ಎಎನ್ ಮಾದರಿಯ ಫಿಟ್ಟಿಂಗ್‌ನ ಕೋನ 37 ಡಿಗ್ರಿ, ಪೈಪಿನ ತುದಿ ಅರಳಿಸುವ ಅಂಗಡಿಯ ಮಾಮೂಲಿ ಫ್ಲೇರ್ ಟೂಲ್ ಮಾಡುವುದು 45 ಡಿಗ್ರಿ. ಒಂದಕ್ಕೊಂದು ಕೂರಿಸಿದರೆ ಕೂರುತ್ತವೆ, ಬಿಗಿಯೂ ಆಗುತ್ತವೆ, ಸೋರುವುದು ಆಮೇಲೆ. ಕಂಪ್ರೆಷನ್ ಫಿಟ್ಟಿಂಗ್ ಈ ಒತ್ತಡಕ್ಕೆ ಬೇಡವೇ ಬೇಡ. ಪಂಪಿಗಿಂತ ಮೊದಲು 100 ಮೈಕ್ರಾನ್ ಸೋಸಣಿಗೆ, ಪಂಪಿನ ನಂತರ 10 ಮೈಕ್ರಾನ್ ಫಿಲ್ಟರ್. ಒಳಗಿನ ಪಂಪಾದರೆ ಮೊದಲನೆಯ ಕೆಲಸವನ್ನು ಅದರ ಕಾಲಿಗಿರುವ ಬಲೆಯ ಚೀಲವೇ ಮಾಡುತ್ತದೆ. ಪೈಪನ್ನು ಸೈಲೆನ್ಸರ್ ಕೊಳವೆಯಿಂದ ದೂರವಿಡಿ, ಪ್ರೊಪೆಲ್ಲರ್ ಶಾಫ್ಟ್ ಪಕ್ಕ ಎಳೆಯಬೇಡಿ. ಅದರ ಜಾಯಿಂಟ್ ಮುರಿದರೆ ಬೀಸುವ ಶಾಫ್ಟ್ ಮೊದಲು ಕತ್ತರಿಸುವುದು ಪಕ್ಕದ ಪೈಪನ್ನೇ.

ಪೆಟ್ರೋಲ್ ತುಂಬುವ ಬಾಯಿಯ ಆ ಗಿಡ್ಡ ಹೋಸನ್ನು ಕಡೆಗಣಿಸಬೇಡಿ. ಅದು ಡಿಕ್ಕಿಯೊಳಗೇ ಇರುವುದರಿಂದ ಅದರ ಬಿರುಕಿನ ಆವಿ ಕಾರಿನೊಳಗೇ ಬರುತ್ತದೆ. ಅಳತೆ ಹೊಂದಿತೆಂದು ರೇಡಿಯೇಟರ್ ಹೋಸ್ ತುಂಡು ಹಾಕಿರುವ ಕಾರುಗಳನ್ನು ನೋಡಿದ್ದೇನೆ. ಪೆಟ್ರೋಲ್ ಫಿಲ್ಲರ್‌ಗೆಂದೇ ಮಾಡಿದ ಹೊಸ ಹೋಸ್, ಎರಡು ಕಡೆ ಹೊಸ ಕ್ಲ್ಯಾಂಪ್ ಹಾಕಿ.

ವೆಂಟ್, ಅಂದರೆ ಟ್ಯಾಂಕಿಗೆ ಗಾಳಿ ಬಂದುಹೋಗುವ ದಾರಿಯ ಬಗ್ಗೆ ಯಾರೂ ನಿಮಗೆ ಹೇಳಿಲ್ಲವೆಂದು ಕಾಣುತ್ತದೆ. 1966ರಲ್ಲಿ ಟ್ಯಾಂಕ್ ಉಸಿರಾಡುತ್ತಿದ್ದದ್ದು ಮುಚ್ಚಳದ ತೂತಿನಿಂದ. ಆವಿಯನ್ನು ಹಿಡಿದಿಡುವ ವ್ಯವಸ್ಥೆ ಕ್ಯಾಲಿಫೋರ್ನಿಯಾದಲ್ಲಿ 1970ರ, ಉಳಿದ ಕಡೆ 1971ರ ಮಾದರಿಗಳಿಂದ ಬಂತು. ಹೊಸ ಟ್ಯಾಂಕಿನಲ್ಲಿ ಪ್ರತ್ಯೇಕ ವೆಂಟ್ ಬಾಯಿ ಇರುತ್ತದೆ. ಅದಕ್ಕೆ ರೋಲ್‌ಓವರ್ ವಾಲ್ವ್ ಹಾಕಿ, ಕಾರು ಮಗುಚಿದರೆ ಅದು ಬಾಯಿ ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಹೋಸನ್ನು ಡಿಕ್ಕಿಯ ಬದಿಯಲ್ಲಿ ಆದಷ್ಟು ಮೇಲಕ್ಕೆ ಒಯ್ದು, ಒಂದು ಸುತ್ತು ಬಾಗಿಸಿ, ಗ್ರೋಮೆಟ್ ಮೂಲಕ ಕಾರಿನ ಕೆಳಗೆ ಇಳಿಸಿ. ತುದಿ ಸೈಲೆನ್ಸರಿನಿಂದ ದೂರವಿರಲಿ. ಇದಕ್ಕಿಂತ ಒಳ್ಳೆಯದು ಇದ್ದಿಲಿನ ಕ್ಯಾನಿಸ್ಟರ್ ಕೂರಿಸುವುದು. ನಿಂತಾಗ ಆವಿಯನ್ನು ಇದ್ದಿಲು ಹೀರಿಕೊಳ್ಳುತ್ತದೆ, ಓಡುವಾಗ ಎಂಜಿನ್ ಅದನ್ನು ಎಳೆದು ಸುಡುತ್ತದೆ. ಮನೆಗೆ ಅಂಟಿದ ಗ್ಯಾರೇಜ್ ಇರುವವರಿಗೆ ನಾನು ಕ್ಯಾನಿಸ್ಟರನ್ನೇ ಹೇಳುವುದು. ಈ ವೆಂಟ್ ಹಾಕಿದ ಮೇಲೆ ತೂತಿಲ್ಲದ ಮುಚ್ಚಳ ಬಳಸಿ. ಆದರೆ ಮುಚ್ಚಳವೂ ಬಂದ್, ವೆಂಟ್ ಹೋಸೂ ಎಲ್ಲೋ ಮಡಚಿ ಬಂದ್ ಆಯಿತೆಂದರೆ ಪಂಪ್ ಎಳೆಯುತ್ತ ಹೋದಂತೆ ಒಳಗೆ ಗಾಳಿ ತೆಳ್ಳಗಾಗಿ ಟ್ಯಾಂಕ್ ಒಳಕ್ಕೆ ಕುಸಿಯುತ್ತದೆ. ಮುಚ್ಚಳ ತೆಗೆದಾಗ ಜೋರಾಗಿ ಸುಸ್ಸೆಂದು ಗಾಳಿ ಒಳನುಗ್ಗಿದರೆ ಅಂದೇ ವೆಂಟ್ ನೋಡಿ.

ವೈರಿಂಗ್ ಬೇಗ ಹೇಳಿ ಮುಗಿಸುತ್ತೇನೆ. ಪಂಪ್ 10 ಆಂಪಿಯರ್ ಆಸುಪಾಸು ಎಳೆಯುತ್ತದೆ. ಹಳೇ ಇಗ್ನಿಷನ್ ಸ್ವಿಚ್ಚಿನಿಂದ ನೇರ ಕೊಡದೆ ರಿಲೇ ಹಾಕಿ, 12 ಗೇಜ್ ವೈರ್ ಎಳೆಯಿರಿ, ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ನಡುವೆ ಇನರ್ಷಿಯಾ ಸ್ವಿಚ್ ಹಾಕಲೇಬೇಕು. 80ರ ದಶಕದಿಂದ ಫೋರ್ಡ್ ತನ್ನ ಇಂಜೆಕ್ಷನ್ ಕಾರುಗಳಲ್ಲಿ ಕೊಡುತ್ತಿದ್ದದ್ದೇ ಇದು, ಗುಜರಿಯಲ್ಲೂ ಸಿಗುತ್ತದೆ. ಗುದ್ದಿದ ಕುಲುಕಿಗೆ ಒಳಗಿನ ಗುಂಡು ಜಾರಿ ಕರೆಂಟ್ ಕಡಿಯುತ್ತದೆ, ತಲೆಯ ಗುಂಡಿ ಒತ್ತಿದರೆ ಮತ್ತೆ ಸೇರುತ್ತದೆ. ಎಂಜಿನ್ ನಿಂತರೆ ಇಂಜೆಕ್ಷನ್ ಕಂಪ್ಯೂಟರೇ ಪಂಪ್ ನಿಲ್ಲಿಸುತ್ತದೆ ನಿಜ. ಹಿಂದಿನಿಂದ ಗುದ್ದಿದಾಗ ಎಂಜಿನ್ ಎಷ್ಟೋ ಸಲ ಓಡುತ್ತಲೇ ಇರುತ್ತದೆ, ಆಗ ಹರಿದ ಪೈಪಿನಿಂದ 58 ಪಿಎಸ್‌ಐ ಒತ್ತಡದಲ್ಲಿ ಪೆಟ್ರೋಲ್ ಚಿಮ್ಮುವುದನ್ನು ತಡೆಯುವುದು ಈ ಸ್ವಿಚ್ ಒಂದೇ. ಟ್ಯಾಂಕಿಗೂ ಬಾಡಿಗೂ ಅರ್ಥಿಂಗ್ ವೈರ್ ಬೇರೆಯಾಗಿ ಕೊಡಿ. ಲೇಪನ, ಪೇಂಟ್, ಅಂಚಿನ ಸೀಲಿಂಗ್ ಪಟ್ಟಿ ಎಲ್ಲ ಸೇರಿ ಸ್ಕ್ರೂ ಮೂಲಕ ಬರಬೇಕಾದ ಅರ್ಥ್ ಬಾರದೆ ಹೋಗಬಹುದು. ಆಗ ಗೇಜ್ ಹುಚ್ಚಾಗಿ ಆಡುತ್ತದೆ, ಪೆಟ್ರೋಲ್ ತುಂಬುವಾಗ ಸ್ಥಾಯಿ ವಿದ್ಯುತ್ತಿಗೂ ದಾರಿ ಇರುವುದಿಲ್ಲ.

ಕೂರಿಸುವಾಗ ಅಂಚಿನ ಸುತ್ತ ಸೀಲಿಂಗ್ ಪಟ್ಟಿ ಮುರಿಯದಂತೆ ಹಾಕಿ, ಸ್ಕ್ರೂಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಮೊದಲು 5 ಗ್ಯಾಲನ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಆಫ್ ಮಾಡಿ ಒತ್ತಡ ಏರಿಸಿ, ಪ್ರತಿ ಜಾಯಿಂಟನ್ನೂ ಒಣ ಟಿಶ್ಯೂನಿಂದ ಒರೆಸಿ ನೋಡಿ. ಕಣ್ಣಿಗೆ ಕಾಣದ ಒದ್ದೆ ಟಿಶ್ಯೂಗೆ ಕಾಣುತ್ತದೆ. ಇಲ್ಲಿಗೇ ನಿಲ್ಲಿಸಬೇಡಿ. ಪಂಪಿನ ಮುಚ್ಚಳ, ವೆಂಟ್, ಫಿಲ್ಲರ್ ಹೋಸ್ ಎಲ್ಲ ಮೇಲಿರುವುದರಿಂದ ಅರ್ಧ ಟ್ಯಾಂಕಿನಲ್ಲಿ ಅವು ಸೋರುವುದೇ ಇಲ್ಲ. ಬಂಕಿಗೆ ಹೋಗಿ ಪೂರ್ತಿ ತುಂಬಿಸಿ, ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ಒಂದು ಗಂಟೆ ನಿಲ್ಲಿಸಿ, ಡಿಕ್ಕಿ ತೆರೆದು ಮೂಗಿನಿಂದಲೇ ಪರೀಕ್ಷಿಸಿ. ವಾಸನೆ ಇದ್ದರೆ ಮಕ್ಕಳನ್ನು ಹತ್ತಿಸಬೇಡಿ. ಕೆಲವು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಕ್ಲ್ಯಾಂಪ್‌ಗಳು ಸಡಿಲವಾಗುವುದುಂಟು, ಮೊದಲ ವಾರದ ಕೊನೆಗೆ ಇನ್ನೊಮ್ಮೆ ಬಿಗಿಮಾಡಿ.

ಅಣ್ಣನವರ ಕಾಂಟೆಸ್ಸಾ ವಿಷಯ ಬೇರೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪುಸ್ತಕದಲ್ಲಿರುವ, ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಖಚಿತವಾಗಿ ಹೇಳಿದೆ. ಹಾಗಾಗಿ ಎಂಜಿನ್ ಬದಲಾವಣೆ, ಟ್ಯಾಂಕ್ ಜಾಗ ಬದಲಾವಣೆ ಏನಿದ್ದರೂ ಕೆಲಸ ಶುರುಮಾಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಲಿ. ಹಳೇ ಟ್ಯಾಂಕ್ ತುಕ್ಕು ಹಿಡಿದಿದೆ ಎಂಬುದಷ್ಟೇ ತೊಂದರೆಯಾದರೆ, ಅದೇ ಜಾಗಕ್ಕೆ, ಅದೇ ಅಳತೆಯಲ್ಲಿ ಬದಲಿ ಟ್ಯಾಂಕ್ ಹಾಕಿಸುವುದು ಸರಿಯಾದ ದಾರಿ. ಜೊತೆಗೆ ರಬ್ಬರ್ ಭಾಗಗಳನ್ನೆಲ್ಲ ಬದಲಿಸಲೇಬೇಕು. ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್, ಆ ಕಾಲದ ಹೋಸ್, ಕಾರ್ಬ್ಯುರೇಟರ್ ಡಯಾಫ್ರಮ್, ಗ್ಯಾಸ್ಕೆಟ್‌ಗಳನ್ನು ಅದನ್ನು ಲೆಕ್ಕಕ್ಕೆ ಇಟ್ಟುಕೊಂಡು ಮಾಡಿಲ್ಲ. ರೇಡಿಯೇಟರ್ ಅಂಗಡಿಯಲ್ಲಿ ಹಳೇ ಟ್ಯಾಂಕಿಗೇ ಬೆಸುಗೆ ಹಾಕಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಬೇಡವೆನ್ನಲಿ. ಟ್ಯಾಂಕಿನ ಕೆಳಗಿನ, ಮೇಲಿನ ಫೋಟೋ ಮತ್ತು ಫ್ಲೋಟ್‌ನ ಓಮ್ ಅಳತೆ ಕಳಿಸಲು ಅಣ್ಣನವರಿಗೆ ತಿಳಿಸಿ, ಆ ಕಾರಿಗೆ ಬೇಕಾದ ಹೋಸ್‌ಗಳ ಅಳತೆಯನ್ನು ಬೇರೆಯಾಗಿ ಬರೆದು ತಿಳಿಸುತ್ತೇನೆ.